ಗುಡಿ, ಮತ್ತೆ ಗುರುವಾರ ದರ್ಗಾ

ಹೋದ ವಾರ ಅರ್ಧ ಅಂಕ ಕಡಿತ ಮಾಡಿ ಸಿಕ್ಕಿಬಿದ್ದೆ.

ನಿಮಗೆ ಗೊತ್ತೇ ಇದೆ, ನಾನು ಬೀಳಗಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಆರನೇ ತರಗತಿಗೆ ಧರ್ಮಗಳ ಪಾಠದ ಮೇಲೆ ಟೆಸ್ಟ್ ಕೊಟ್ಟಿದ್ದೆ. ಪಾಠ ಬಲು ಅಚ್ಚುಕಟ್ಟು. ಒಂದೊಂದು ಧರ್ಮಕ್ಕೆ ಒಂದೊಂದು ಚೌಕ. ಅದರೊಳಗೆ ಗ್ರಂಥ, ಹಬ್ಬ, ಪೂಜಾಸ್ಥಳ. ‘ಹಿಂದೂಗಳ ಪೂಜಾಸ್ಥಳ ಯಾವುದು?’ ಎಂಬ ಪ್ರಶ್ನೆಗೆ ಸವಿತಾ ಬರೆದಿದ್ದಳು: ‘ಗುಡಿ. ಗುರುವಾರ ದರ್ಗಾ.’

ಎರಡನೆಯದಕ್ಕೆ ಕೆಂಪು ಗೆರೆ ಎಳೆದೆ. ಚೌಕದಲ್ಲಿ ಇರಲಿಲ್ಲವಲ್ಲ?

ಮರುದಿನ ಅವಳ ಅಜ್ಜಿ ಮಾಳವ್ವ ಸ್ಟಾಫ್ ರೂಮಿಗೇ ಬಂದರು. ಹಣೆ ತುಂಬ ಭಂಡಾರದ ಅರಿಶಿನ, ಕೈಯಲ್ಲಿ ಟೆಸ್ಟ್ ಪೇಪರು. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. (ಸಹೋದ್ಯೋಗಿಗಳೂ ಹಾಗೇ ಅಂದುಕೊಂಡರು. ಒಬ್ಬೊಬ್ಬರಾಗಿ ಎದ್ದು ಹೋದರು.)

“ಅಕ್ಕೋರ, ನಮ್ಮ ಹುಡುಗಿ ಸುಳ್ಳ ಬರದಾಳೇನ್ರಿ?”

“ಸುಳ್ಳಲ್ಲಬೇ. ಪುಸ್ತಕದಾಗ ಹಂಗಿಲ್ಲ.”

ಅವರು ದನಿ ಏರಿಸಲಿಲ್ಲ. ಕುಳಿತುಕೊಂಡು ಹೇಳಿದರು. “ಇಕಿ ಕೂಸಿದ್ದಾಗ ಜ್ವರಾ ಇಳೀಲೇ ಇಲ್ರಿ. ದವಾಖಾನಿ ಆತು. ನಾ ಬೀರಪ್ಪಗ ಹರಕಿ ಹೊತ್ನಿ. ಬಾಜೂ ಮನಿ ಹಸೀನಾ ಕೂಸಿನ್ನ ಎತಗೊಂಡು ದರ್ಗಾಕ್ಕ ಹೋದ್ಲು. ಯಾರು ಉಳಿಸಿದ್ರೋ ನಮಗೇನ ಗೊತ್ರಿ? ಅದಕ್ಕ ಇಬ್ಬರಿಗೂ ನಡಕೋತೀವಿ.”

ಪೇಪರು ಕೈಗೆ ತೆಗೆದುಕೊಂಡೆ. ಜಮಖಂಡಿಯ ನನ್ನ ತವರುಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ. ಆದರೂ ಮೊಹರಂ ಬಂತೆಂದರೆ ಅವ್ವ ಚೊಂಗೆ ಎಂಬ ಸಿಹಿ ರೊಟ್ಟಿ ಮಾಡಿ ನನ್ನ ಕೈಯಲ್ಲೇ ಅಲಾಯಿ ದೇವರಿಗೆ ಕಳಿಸುತ್ತಿದ್ದಳು. ಇಷ್ಟು ವರ್ಷ ಈ ಪಾಠ ಮಾಡುವಾಗ ಅದು ಒಮ್ಮೆಯೂ ನೆನಪಾಗಲಿಲ್ಲ. ನಾಚಿಕೆಯಾಯಿತು. ಅಂಕ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿಕೊಟ್ಟೆ.

ಆ ದಿನ ತರಗತಿಯಲ್ಲಿ ಪುಸ್ತಕ ಮುಚ್ಚಿಸಿದೆ. “ನಿಮ್ಮ ಮನ್ಯಾಗ ಯಾರ‍್ಯಾರಿಗೆ ನಡಕೋತೀರಿ, ಹೇಳ್ರಿ” ಅಂದೆ. ಹಿಂದಿನ ಬೆಂಚಿನವರೂ ಕೈ ಎತ್ತಿದರು. ಹಸೀನಾಳ ಮಗಳು ರೆಹಾನಾ ಎದ್ದು, ಬೀರಪ್ಪನ ಪಲ್ಲಕ್ಕಿ ಓಣಿಗೆ ಬಂದಾಗ ತನ್ನವ್ವ ಕೊಡ ತಂದು ನೀರು ಹಾಕುತ್ತಾಳೆ ಎಂದಳು. ಹೇಳುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆ. ಬೆಲ್ ಹೊಡೆಯಿತು, ಒಬ್ಬರೂ ಏಳಲಿಲ್ಲ. ಅಂಥ ಪಿರಿಯಡ್ ಸಿಗುವುದು ಅಪರೂಪ.

ಸವಿತಾ ಮಾತ್ರ ಹುಷಾರು. ಹೊರಗೆ ಬಂದಾಗ ಮೆಲ್ಲಗೆ ಕೇಳಿದಳು: “ಅಕ್ಕೋರ, ವಾರ್ಷಿಕ ಪರೀಕ್ಷಾದಾಗ ಯಾವ್ದು ಬರೀಬೇಕ್ರಿ?”

“ಎರಡೂ ಬರಿ” ಅಂದೆ. ತಿದ್ದುವವಳು ನಾನೇ ಅಲ್ಲವೇ?