ಪಕ್ಕದ ಎಲೆಯ ಜಾಂಗಿರಿ

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರದಿಂದಲೇ ನಮ್ಮ ಮನೆಯಲ್ಲಿ ಎರಡು ಅಡುಗೆ ಶುರುವಾಯಿತು. ಒಂದು ಒಲೆಯ ಮೇಲೆ ನನಗೆ, ಗಂಡನಿಗೆ, ಮಗಳಿಗೆ ರೇಷನ್ ಅಕ್ಕಿಯ ಅನ್ನ, ಸಾಂಬಾರು. ಇನ್ನೊಂದರ ಮೇಲೆ ಅಪ್ಪನಿಗೆ ಬೇಯಿಸಿದ ಹುರುಳಿ, ನುಗ್ಗೆಸೊಪ್ಪು. ಅನ್ನ ಅವರಿಗೆ ಒಂದೇ ಸೌಟು. ಹುರುಳಿ ಅಗ್ಗ, ನುಗ್ಗೆಸೊಪ್ಪು ಪಕ್ಕದ ಖಾಲಿ ಸೈಟಿನಲ್ಲಿ ಪುಕ್ಕಟೆ. ನಾನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿರಬೇಕು. ರುಚಿಯ ಬಗ್ಗೆ ಯೋಚಿಸಲು ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಅಪ್ಪ ಆಯಸ್ಸೆಲ್ಲ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕಳೆದವರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದರು. ಹುರುಳಿಯ ತಟ್ಟೆ ಮುಂದಿಟ್ಟರೆ ಮಾತಾಡದೆ ತಿನ್ನುತ್ತಿದ್ದರು. ಎಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ ಎಂದು ನಾನು ಗಂಡನ ಹತ್ತಿರ ಹೊಗಳಿದ್ದೂ ಉಂಟು. ಆದರೆ ಆಸ್ಪತ್ರೆಯಲ್ಲಿ ರಕ್ತ ನೋಡಿದಾಗಲೆಲ್ಲ ಸಕ್ಕರೆ ಏರುತ್ತಲೇ ಇತ್ತು. ನರ್ಸಮ್ಮ ನನ್ನನ್ನೇ ಬೈದಳು. ಮನೆಯಲ್ಲಿ ಏನು ಹಾಕುತ್ತಿದ್ದೀಯ ಎಂದು ಕೇಳಿದಳು. ಅಪ್ಪ ಪಕ್ಕದಲ್ಲೇ ಕೂತು ಗೋಡೆ ನೋಡುತ್ತಿದ್ದರು.

ವಿಷಯ ಗೊತ್ತಾದದ್ದು ಕಂಪನಿಯಲ್ಲಿ. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ತಮ್ಮನ ಮದುವೆ ಮುಗಿದಿತ್ತು. ಊಟಕ್ಕೆ ಕೂತಾಗ ಅವಳು ನಗುತ್ತಾ ತಮಿಳಿನಲ್ಲಿ ಹೇಳಿದಳು: "ನಿಮ್ಮಪ್ಪ ಬಂದಿದ್ದರು. ನಿನಗೂ ಹೇಳಬೇಕಿತ್ತು, ಮರೆತೆ, ಕ್ಷಮಿಸು. ಎರಡು ಪಂಕ್ತಿಯಲ್ಲೂ ಕೂತು ಊಟ ಮಾಡಿದರು." ಅವಳ ಮನೆಯವರು ಯಾರೂ ಅಪ್ಪನಿಗೆ ಗೊತ್ತಿಲ್ಲ, ಯಾರೂ ಕರೆದೂ ಇರಲಿಲ್ಲ. ಒಮ್ಮೆ ನಮ್ಮ ಮನೆಗೆ ಬಂದಿದ್ದವಳಾದ್ದರಿಂದ ಅವಳು ಗುರುತು ಹಿಡಿದಿದ್ದಳು. ನಾನೂ ನಕ್ಕೆ. ನನ್ನ ಡಬ್ಬಿಗೆ ಮುಚ್ಚಳ ಹಾಕಿದೆ.

ಮುಂದಿನ ಮುಹೂರ್ತದ ಭಾನುವಾರ ಅಪ್ಪ ಮಡಿಸಿಟ್ಟ ಬಿಳಿ ಪಂಚೆ ಉಟ್ಟು, ವಿಭೂತಿ ಇಟ್ಟುಕೊಂಡು, ಕೋವಿಲಿಗೆ ಹೋಗಿ ಬರುತ್ತೇನೆ ಎಂದರು. ಸ್ವಲ್ಪ ದೂರ ಬಿಟ್ಟು ನಾನೂ ಹೊರಟೆ. ಅವರು ಕೋವಿಲು ದಾಟಿ, ಬಸ್‌ಸ್ಟಾಂಡ್ ದಾಟಿ, ಕಲ್ಯಾಣಮಂಟಪವೊಂದರ ಬಾಗಿಲಿಗೆ ಹೋದರು. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯರಿಗೆ ಕೈಮುಗಿದು, ಹೆಣ್ಣಿನ ಕಡೆಯ ಹಿರಿಯರಂತೆ ತಲೆಯಾಡಿಸಿ ಒಳಗೆ ನಡೆದರು. ಆ ನಟನೆ ನೋಡಿಯೇ ನನಗೆ ಮೈ ಉರಿಯಿತು.

ಊಟದ ಹಾಲಿನ ಬಾಗಿಲಲ್ಲಿ ನಿಂತೆ. ಅಪ್ಪ ಎಲೆಯ ಮುಂದೆ ಬಗ್ಗಿ ಕೂತಿದ್ದರು. ಮೊಣಕೈವರೆಗೂ ಪಾಕ ಇಳಿದಿತ್ತು, ಮೀಸೆಗೆ ತುಪ್ಪ ಅಂಟಿತ್ತು. ಅಗಿಯುವುದೂ ಇಲ್ಲ, ನುಂಗುವುದೇ. ಪಕ್ಕದಲ್ಲಿ ಯಾರದೋ ಪುಟ್ಟ ಮಗು ಕೂತಿತ್ತು. ಮೂಗು ಸುರಿಯುತ್ತಿತ್ತು. ಅದು ಜಾಂಗಿರಿಯನ್ನು ಕಚ್ಚಿ, ಚೀಪಿ, ಬೇಡವೆಂದು ಎಲೆಯ ಮೇಲೆ ಬಿಟ್ಟಿತು. ತಾಯಿ ಮಗುವನ್ನು ಎತ್ತಿಕೊಂಡು ಕೈ ತೊಳೆಸಲು ಹೋದಳು. ಅಪ್ಪ ಆ ಕಡೆ ಈ ಕಡೆ ನೋಡಿದರು. ಆಮೇಲೆ ಅವರ ಕೈ ಪಕ್ಕದ ಎಲೆಗೆ ಹೋಯಿತು. ಆ ಮಗುವಿನ ಎಂಜಲು ಜಾಂಗಿರಿ ಇಡಿಯಾಗಿ ಅವರ ಬಾಯಿಗೆ ಹೋಯಿತು.

ತಲೆ ಎತ್ತಿದಾಗ ಅಪ್ಪ ನನ್ನನ್ನು ನೋಡಿದರು. ನಿಲ್ಲಿಸಲಿಲ್ಲ. ಬಾಯಲ್ಲಿದ್ದುದನ್ನು ನುಂಗಿ, ನೀರು ಕುಡಿದು, ಎಲೆ ಮಡಚಿ ಎದ್ದು ಬಂದರು.

ಇಬ್ಬರೂ ರಸ್ತೆಗೆ ಇಳಿದೆವು. ಬಸ್‌ಸ್ಟಾಂಡ್ ಹತ್ತಿರ ನಾನೇ ಕೇಳಿದೆ.

"ಆ ಮಗೂ ಎಂಜಲು ಯಾಕಪ್ಪಾ ತಿಂದೆ?"

"ವೇಸ್ಟ್ ಆಗ್ತಿತ್ತು, ಅಮ್ಮಣಿ."

"ಮನೇಲಿ ನಿಂಗೆ ಊಟ ಇಕ್ತಿಲ್ವಾ?"

ಅವರು ನಿಂತರು. "ಅಲ್ಲಿ ಕೇಳಿ ಕೇಳಿ ಇಕ್ತಾರೆ. ಇನ್ನೊಂಚೂರು ಬೇಕಾ ಅಯ್ಯಾ ಅಂತಾರೆ. ನಮ್ ಮನೇಲಿ ಒಂದು ಕರಂಡಿ ಅನ್ನ ಇಕ್ಕಿ, ಪೋದುಂ, ಸಾಕು ಅಂತೀಯ. ಅದೂ ಮೊಮ್ಮಗಳ ಮುಂದೆ. ನೀವೆಲ್ಲಾ ಸಾಂಬಾರ್ ಉಣ್ತೀರ, ನಾನು ಎತ್ತಿನಂಗೆ ಕೊಳ್ಳು, ಬರೀ ಹುರುಳಿ, ಮೆಲ್ಕಂಡು ಕೂತ್ಕೋಬೇಕು."

ಅವರು ಹೇಳಿದ್ದು ನಿಜ. ಆದರೂ ಆ ಹೊತ್ತಿನಲ್ಲಿ ನನಗೆ ಅಯ್ಯೋ ಅನಿಸಲಿಲ್ಲ. ಮೀಸೆಯಲ್ಲಿ ಅಂಟಿದ್ದ ಜಾಂಗಿರಿಯ ಚೂರೇ ಕಾಣುತ್ತಿತ್ತು. ಮನೆಗೆ ಬಂದು ಎರಡು ದಿನ ಅವರ ತಟ್ಟೆ ಮುಟ್ಟಲಿಲ್ಲ. ಅವರೇ ತೊಳೆದುಕೊಂಡರು. ಅವರು ಊಟಕ್ಕೆ ಕೂತರೆ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಹೆತ್ತ ಅಪ್ಪನ ಬೆರಳು ನೋಡಿದರೆ ಅಸಹ್ಯವಾಗುತ್ತದಲ್ಲ ಎಂದು ನನ್ನ ಮೇಲೂ ಅಷ್ಟೇ ಹೇಸಿಗೆ ಬಂತು. ಏನಾಯಿತು ಎಂದು ಮಗಳು ಕೇಳಿದಾಗ ಅವಳ ಮೇಲೆ ರೇಗಿದೆ.

ಮುಂದಿನ ಸಲ ಆಸ್ಪತ್ರೆಯಲ್ಲಿ ನರ್ಸಮ್ಮನಿಗೆ ಎಲ್ಲವನ್ನೂ ಹೇಳಿದೆ, ಎಂಜಲಿನ ವಿಷಯ ಒಂದು ಬಿಟ್ಟು. ಆಕೆ ಕೇಳಿದ್ದು ಒಂದೇ: "ನೀನು, ನಿನ್ನ ಮಗಳು ಹುರುಳಿ ತಿಂದರೆ ಏನಾಗುತ್ತೆ? ಅವರಿಗೆ ಯಾಕೆ ಬೇರೆ ಪಾತ್ರೆ?"

ಅಂದಿನಿಂದ ಒಂದೇ ಅಡುಗೆ. ಹುರುಳಿ ಬೇಯಿಸಿದ ನೀರಿಗೆ ಬೆಳ್ಳುಳ್ಳಿ, ಮೆಣಸು ಜಜ್ಜಿ ಹಾಕಿ ಎಲ್ಲರಿಗೂ ರಸಂ. ಬೆಂದ ಕಾಳಿಗೆ ಈರುಳ್ಳಿ ಒಗ್ಗರಣೆ. ಎಲೆಕೋಸೋ ಬಾಳೆದಿಂಡೋ, ಸಂತೆಯಲ್ಲಿ ಯಾವುದು ಕಡಿಮೆಗೆ ಸಿಕ್ಕಿತೋ ಅದರ ಪಲ್ಯ, ತಟ್ಟೆಯ ಅರ್ಧ ತುಂಬುವಷ್ಟು. ವಾರಕ್ಕೆರಡು ಸಲ ಮೊಟ್ಟೆ. ಅನ್ನ ಕೊನೆಗೆ, ಎಲ್ಲರಿಗೂ ಸ್ವಲ್ಪವೇ. ಪಲ್ಯದ ಪಾತ್ರೆ ಮಧ್ಯದಲ್ಲಿಟ್ಟು, ಇನ್ನಷ್ಟು ಬೇಕಾ ಎಂದು ಅಪ್ಪನನ್ನು ಕೇಳುತ್ತೇನೆ. ಮೊದಲ ವಾರ ಆ ಮಾತು ನನ್ನ ಬಾಯಿಂದ ಕಷ್ಟಪಟ್ಟು ಹೊರಡುತ್ತಿತ್ತು. ಗಂಡ ಹೊಟ್ಟೆ ಉಬ್ಬರ ಎಂದು ಗೊಣಗಿದರು. ಮಗಳು ಹುರುಳಿಯ ವಾಸನೆಗೆ ಮೂಗು ಮುಚ್ಚಿಕೊಂಡಳು. ಅಪ್ಪ ಅವಳ ತಟ್ಟೆಗೆ ನುಗ್ಗೆಸೊಪ್ಪು ಇಕ್ಕಿ, "ಮುರುಂಗೆ ಕೀರೆ ಕಲೆಸ್ಕೊಂಡು ತಿನ್ನು, ವಾಸನೆ ತಿಳಿಯಲ್ಲ" ಎಂದು ಹೇಳಿಕೊಟ್ಟರು.

ಮೂರು ತಿಂಗಳ ಮೇಲೆ ನೋಡಿದಾಗ ಸಕ್ಕರೆ ಇಳಿದಿತ್ತು. ಚೆನ್ನಾಗಿದೆ ಎನ್ನುವಷ್ಟಲ್ಲ, ಬೈಸಿಕೊಳ್ಳುವಷ್ಟೂ ಅಲ್ಲ. ಅಪ್ಪ ತಪ್ಪಾಯಿತು ಎಂದು ಇವತ್ತಿನವರೆಗೆ ಹೇಳಿಲ್ಲ, ನಾನೂ ಹೇಳಿಲ್ಲ. ಅವರು ಕುಡಿದ ಲೋಟದಲ್ಲಿ ನೀರು ಕುಡಿಯಲು ನನಗೆ ಈಗಲೂ ಆಗುವುದಿಲ್ಲ, ಎರಡು ಸಲ ತೊಳೆಯುತ್ತೇನೆ. ಅದು ಅವರಿಗೆ ಗೊತ್ತು. ಬೆಳಿಗ್ಗೆ ನಾನು ಕಂಪನಿಗೆ ಹೊರಡುವ ಗಡಿಬಿಡಿಯಲ್ಲಿರುವಾಗ ಅವರು ಜಗಲಿಯ ಮೇಲೆ ಕೂತು ಬಾಳೆದಿಂಡಿನ ನಾರು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಾ, ಹೆಚ್ಚಿದ ದಿಂಡು ಕಪ್ಪಾಗದಂತೆ ಹಾಕಿಡಲು ಮಜ್ಜಿಗೆ ನೀರಿನ ಪಾತ್ರೆ ಕೊಡು ಎಂದು ಕೈ ಚಾಚುತ್ತಾರೆ.