ಉಡುಗೊರೆಯ ಮೇಲಿನ ಕಾಗದ

ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನೇಕಾರರ ಅಜ್ಜಿಯೊಬ್ಬರಿದ್ದರು. ಬೀದಿಯಲ್ಲಿ ಯಾರ ಮದುವೆಯಾದರೂ ಸರಿ, ಉಡುಗೊರೆ ಬಿಚ್ಚುವ ಹೊತ್ತಿಗೆ ನೀರಿನ ಬಟ್ಟಲು ಹಿಡಿದು ಹಾಜರಾಗುತ್ತಿದ್ದರು.

"ಅರೀಬ್ಯಾಡಿ ಕಣ್ರವ್ವಾ, ತಡೀರಿ!"

ಗೋಂದಿಗೆ ನೀರು ಸವರಿ, ಮಗ್ಗದಲ್ಲಿ ಕಡಿದ ಎಳೆ ಕೂಡಿಸಿ ಪಳಗಿದ ಬೆರಳುಗಳಿಂದ ಬಣ್ಣದ ಕಾಗದವನ್ನು ಒಂದು ಗೀರೂ ಬೀಳದಂತೆ ಬಿಡಿಸುತ್ತಿದ್ದರು. ಅದು ಅವರ ಮನೆಯ ಗೋಡೆಗೂಡುಗಳಿಗೆ ಜಾಲರಿಯಾಗುತ್ತಿತ್ತು, ಮೊಮ್ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗುತ್ತಿತ್ತು. ಒಮ್ಮೆ ಗಂಡನ ಹರಿದ ಕೊಡೆಗೂ ಅದರ ತೇಪೆ ಹಾಕಿದ್ದರು. ಮೊದಲ ಮಳೆಗೇ ತಾತನ ಬೋಳುತಲೆ ಗುಲಾಬಿ ಬಣ್ಣಕ್ಕೆ ತಿರುಗಿತು.

ನಮ್ಮ ಅಕ್ಕನ ಮದುವೆಯಲ್ಲಿ, ಕೆಂಪು ಕಾಗದ ಸುತ್ತಿದ ಪೆಟ್ಟಿಗೆಯೊಂದು ಭಾವನ ಕೈಜಾರಿ ಬಿತ್ತು. ಒಳಗೆ ಗಾಜು ಒಡೆದ ಸದ್ದು. ಅಪಶಕುನವೆಂದು ಸತ್ತೇಗಾಲದ ಬೀಗಿತ್ತಿಯ ಮುಖ ಕಪ್ಪಿಟ್ಟಿತು. ಓಲಗವೂ ನಿಂತಿತು. ಅಜ್ಜಿ ಮಾತ್ರ ಅಲ್ಲೇ ಕೂತು, ನಿಧಾನವಾಗಿ ಬಿಡಿಸಿ, ಚೂರುಗಳನ್ನು ಪಕ್ಕಕ್ಕೆ ಸರಿಸಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಸದ್ಯ, ಕಾಗ್ದುಕ್ಕೇನೂ ಆಗಿಲ್ಲ ಕಣ್ರವ್ವಾ!"

ಮೊದಲು ನಕ್ಕದ್ದು ಬೀಗಿತ್ತಿಯೇ.

ವರ್ಷದ ಮೇಲೆ ಅಕ್ಕನ ಮಗುವಿನ ನಾಮಕರಣಕ್ಕೆ ಅಜ್ಜಿ ಕುಲಾವಿ ತಂದರು, ಅದೇ ಕೆಂಪು ಕಾಗದದಲ್ಲಿ ಸುತ್ತಿ. ಅಕ್ಕ ಬಿಚ್ಚಲು ಕೈಹಾಕಿದಳು. ಅಷ್ಟರಲ್ಲಿ ಒಳಗಿನಿಂದ ನೀರಿನ ಬಟ್ಟಲು ಹಿಡಿದು ಬೀಗಿತ್ತಿ ಓಡಿಬಂದರು.

"ಅರೀಬ್ಯಾಡ ಕಣವ್ವಾ, ತಡಿ!"