ಆಕಳ ಹೆಸರಿನಲ್ಲಿ

"ಏನ್ ತೊಂದರೆ ಅಂಕಲ್?" ಎಂದು ಶಿಕಾರಿಪುರದ ಡಾಕ್ಟರಮ್ಮ ಕೇಳಿದಾಗ "ಸೊಂಟನೋವಮ್ಮ" ಎಂದುಬಿಟ್ಟೆ. ನನ್ನ ಸೊಂಟ ಗಟ್ಟಿಯಾಗಿಯೇ ಇದೆ. ವಾರದಿಂದ ಮೂತ್ರದಲ್ಲಿ ರಕ್ತ ಹೋಗುತ್ತಿದೆ. ಮಗಳ ವಯಸ್ಸಿನವಳೆದುರು ಬಾಯಿ ಬರಲಿಲ್ಲ, ಅಷ್ಟೆ. ಆಕೆ ಮಾತ್ರೆ ಬರೆಯತೊಡಗಿದಳು. ಕೋಣೆಯ ತುಂಬ ಸ್ಪಿರಿಟ್ಟಿನ ವಾಸನೆ. ಮೂವತ್ತು ವರ್ಷ ನನ್ನ ಚೀಲದಿಂದ ಬರುತ್ತಿದ್ದುದೂ ಅದೇ ವಾಸನೆ.

ನಾನು ಸೊರಬದ ಕಡೆ ದನದ ಡಾಕ್ಟರಾಗಿದ್ದವನು. ನಮ್ಮ ಜನರ ನಾಚಿಕೆ ಎಂಥದ್ದೆಂದು ನಿಮಗೂ ಗೊತ್ತಿರುತ್ತದೆ. ಆಕಳು ಬೆದೆಗೆ ಬಂದದ್ದು, ಗಬ್ಬವಾದದ್ದು, ಈದ ಮೇಲೆ ಕಸ, ಅಂದರೆ ಮಾಸು, ಬೀಳದೆ ಹೋದದ್ದು, ಎಲ್ಲವನ್ನೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಹೇಳುತ್ತಾರೆ. ಅದೇ ಮನೆಯ ಹೆಂಗಸಿಗಾದರೆ ಕಾಗೆ ಮುಟ್ಟುತ್ತದೆ, ನೀರು ನಿಲ್ಲುತ್ತದೆ, ದಿನ ತುಂಬುತ್ತದೆ. ಕತ್ತಿನಿಂದ ಮೊಣಕಾಲಿನವರೆಗೆ ಇರುವುದೆಲ್ಲ ಹೊಟ್ಟೆ, ಇಲ್ಲವೇ ಸೊಂಟ. ಪಕ್ಕದ ಮನೆಗೆ ಮಗು ಎಲ್ಲಿಂದ ಬಂತೆಂದು ನನ್ನ ಮಗಳು ಕೇಳಿದಾಗ ನಾನೂ "ಆಸ್ಪತ್ರೆಯಲ್ಲಿ ಕೊಟ್ಟರು" ಎಂದಿದ್ದೆ. ಆ ಬೆಳಿಗ್ಗೆಯೇ ಒಂದು ಕರುವನ್ನು ಎಳೆದು ತೆಗೆದು ಬಂದಿದ್ದೆ.

ಒಂದು ದಿನ ಕುಪ್ಪಗಡ್ಡೆ ಕಡೆಯ ಹೆಂಗಸೊಬ್ಬಳು, ಗೌರಕ್ಕ ಅನ್ನೋಣ, ನನ್ನಲ್ಲಿಗೆ ಬಂದಳು.

"ನಮ್ಮನೆ ಆಕಳಿಗೆ ಮೈ ಹೊರಗ್ ಬರ್ತೈತೆ ರೀ ಡಾಕ್ಟ್ರೇ. ನಿಂತ್ರೆ ಬರ್ತೈತೆ, ಮಲಗಿದ್ರೆ ಒಳಗ್ ಹೋಗ್ತೈತೆ."

ಗರ್ಭಚೀಲ ಜಾರಿ ಹೊರಬರುವುದನ್ನು ಹಾಗೆನ್ನುತ್ತಾರೆ. ನಾನು ನಕ್ಕೆ. "ತಿರುಗಾಮುರುಗಾ ಹೇಳ್ತಿದೀಯಲ್ಲ ಗೌರಕ್ಕ. ಆಕಳಿಗೆ ಮಲಗಿದಾಗ ಬರ್ತದೆ, ನಿಂತಾಗ ಒಳಗೆ ಹೋಗ್ತದೆ."

ಆಕೆ ನೆಲ ನೋಡಿದಳು. ಬೈಕಿನಲ್ಲಿ ಹೋಗಿ ನೋಡಿದರೆ ಆಕಳು ಆರಾಮಾಗಿ ಮೆಲುಕು ಹಾಕುತ್ತಿತ್ತು. "ರೋಗ ಇಲ್ಲದ ದನಕ್ಕೆ ಏನ್ ಔಷಧಿ ಕೊಡ್ಲಿ?" ಎಂದು ರೇಗಿ ಬಂದೆ.

ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ಅದು ಆಕಳ ಸುದ್ದಿ ಅಲ್ಲ ರೀ. ಹೆಂಗಸ್ರಿಗೆ ನಿಂತಾಗಲೇ ಬರೋದು" ಎಂದಳು.

ಮರುದಿನ ಅವಳೇ ಗೌರಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೊನೆಯ ಹೆರಿಗೆಯಾದಾಗಿನಿಂದ ಹನ್ನೊಂದು ವರ್ಷ ಗೌರಕ್ಕ ಹಾಗೆಯೇ ನಾಟಿ ಮಾಡಿದ್ದಳು, ನೀರು ಹೊತ್ತಿದ್ದಳು. ಆ ಹೆರಿಗೆಯನ್ನು ಮನೆಯವರು ಸುಖಪ್ರಸವ ಎನ್ನುತ್ತಿದ್ದರು. ಆಪರೇಷನ್ನಾಗಿ ಗುಣವಾದ ಮೇಲೆ ಒಮ್ಮೆ ಸಂತೆಯಲ್ಲಿ ಸಿಕ್ಕಳು. "ಆಕಳು ಈಗ ಆರಾಮೈತೆ ರೀ" ಎಂದಳು. ತಪ್ಪಾಯಿತು ಎನ್ನಬೇಕೆನಿಸಿತು. ಅನ್ನಲಿಲ್ಲ.

ಡಾಕ್ಟರಮ್ಮ ಚೀಟಿ ಹರಿದು ಕೊಟ್ಟಳು. ತೆಗೆದುಕೊಂಡು ಬಾಗಿಲವರೆಗೆ ಹೋದೆ. ನಾನು ಏನೋ ಹೇಳಿದರೆ ಇನ್ನೇನೋ ಇದೆಯೆಂದು ಹಿಡಿಯುತ್ತಿದ್ದ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಗೌರಕ್ಕನಿಗೆ ಆಕಳಾದರೂ ಇತ್ತು. ನನ್ನ ಕೊಟ್ಟಿಗೆಯಲ್ಲಿ ಈಗ ಎತ್ತೂ ಇಲ್ಲ.

ತಿರುಗಿ ಬಂದೆ.

"ಸೊಂಟ ಅಲ್ಲಮ್ಮ. ಉಚ್ಚೆಯಲ್ಲಿ ರಕ್ತ ಹೋಗ್ತಿದೆ. ವಾರ ಆಯ್ತು."

ಆಕೆ ನನ್ನ ಕೈಯಿಂದ ಚೀಟಿ ವಾಪಸ್ ತೆಗೆದುಕೊಂಡಳು. "ಕೂತ್ಕೊಳ್ಳಿ ಅಂಕಲ್" ಎಂದಳು.

ಕೂತೆ.